ಜ್ವಾಲಾಮುಖಿಯ ಕಾವಲಿಗೆ ಮಳೆಮಾಪಕವೂ ಬೇಕು

1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿಯಿತು. ಅದೇ ದಿನ ಯುನ್ಯಾ ಚಂಡಮಾರುತವೂ ಅದರ ಪಕ್ಕದಲ್ಲೇ ಹಾದುಹೋಯಿತು. ಬೂದಿ ಮಳೆಯಲ್ಲಿ ನೆನೆದು ಭಾರವಾಗಿ ಮನೆಗಳ ಮೇಲೆ ಕೂತಿತು. ಸ್ಫೋಟದ ಹೊತ್ತಿನಲ್ಲಿ ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಛಾವಣಿ ಕುಸಿದು. ಬೆಟ್ಟವನ್ನು ಒಬ್ಬರು, ಆಕಾಶವನ್ನು ಇನ್ನೊಬ್ಬರು ನೋಡಿಕೊಳ್ಳಲಿ ಎಂದರೆ ಆಗದು. ಎರಡರ ದಾಖಲೆಯೂ ಒಂದೇ ಮೇಜಿನ ಮೇಲಿರಬೇಕು.

ಹಂತ 1: ಬೆಟ್ಟ ಸುಮ್ಮನಿರುವಾಗಲೇ ಶುರುಮಾಡಿ

ತಣ್ಣಗಿರುವ ಜ್ವಾಲಾಮುಖಿಯಲ್ಲೂ ಸಣ್ಣಪುಟ್ಟ ಕಂಪನಗಳು ಇದ್ದೇ ಇರುತ್ತವೆ. ಆ ಮಾಮೂಲಿ ಲೆಕ್ಕ ಕೈಯಲ್ಲಿಲ್ಲದಿದ್ದರೆ, ಇವತ್ತು 40 ಕಂಪನ ಬಂದವು ಎಂದಾಗ ಹೆದರಬೇಕೋ ಬೇಡವೋ ಗೊತ್ತಾಗದು. ಎಲ್ಲ ಋತುಗಳೂ ಸೇರುವಂತೆ ಕನಿಷ್ಠ ಒಂದು ವರ್ಷದ ದಾಖಲೆ ಇರಲಿ. ತುಂಬಿ ಹರಿಯುವ ತೊರೆ, ಗಾಳಿಗೆ ಅಲ್ಲಾಡುವ ಮರ ಕೂಡ ಕಂಪನಮಾಪಕದಲ್ಲಿ ಗೆರೆ ಎಳೆಯುತ್ತವೆ.

ಹಂತ 2: ಕಂಪನಮಾಪಕಗಳು

ಕಂಪನ ಎಲ್ಲಿ, ಎಷ್ಟು ಆಳದಲ್ಲಿ ಹುಟ್ಟಿತೆಂದು ಹೇಳಲು ನಾಲ್ಕಾದರೂ ಕೇಂದ್ರ ಬೇಕು, ಆರಿದ್ದರೆ ನೆಮ್ಮದಿ. ಎರಡು ಕೇಂದ್ರ ಜ್ವಾಲಾಮುಖಿಯ ಬಾಯಿಯಿಂದ 5 ಕಿ.ಮೀ. ಒಳಗಿರಲಿ, ಉಳಿದವು 20 ಕಿ.ಮೀ. ಒಳಗೆ ಸುತ್ತಲೂ ಹರಡಿರಲಿ. ಎಲ್ಲವನ್ನೂ ರಸ್ತೆಯಿರುವ ಬದಿಗೇ ನೆಟ್ಟರೆ ಆಳದ ಲೆಕ್ಕ ತಪ್ಪುತ್ತದೆ. ಸಂವೇದಕವನ್ನು ಗಟ್ಟಿ ಬಂಡೆಗೆ ತಾಗುವಂತೆ ಹೂಳಿ. ಸೌರಫಲಕವನ್ನು ಕಡಿದಾಗಿ ನಿಲ್ಲಿಸಿ; ಮಲಗಿಸಿಟ್ಟರೆ ಬೂದಿ ಕೂತು, ಬೇಕಾದ ದಿನವೇ ಬ್ಯಾಟರಿ ಸಾಯುತ್ತದೆ.

ಬಂಡೆ ಬಿರುಕು ಬಿಟ್ಟರೆ ಗೆರೆ ಚುರುಕಾಗಿ ಏಳುತ್ತದೆ. ಶಿಲಾಪಾಕವೋ (ನೆಲದಡಿಯ ಕರಗಿದ ಕಲ್ಲು) ಅನಿಲವೋ ಒಳಗೆ ಸರಿದರೆ 0.5ರಿಂದ 5 ಹರ್ಟ್ಜ್‌ನ ನಿಧಾನ ಅಲೆ. ಗೆರೆ ನಿಲ್ಲದೆ ಗಂಟೆಗಟ್ಟಲೆ ನಡುಗುತ್ತಿದ್ದರೆ ಮೇಲಿನವರಿಗೆ ಫೋನ್ ಮಾಡುವ ಹೊತ್ತು.

ಇಷ್ಟಿದ್ದೂ ಎಲ್ಲ ಸ್ಫೋಟ ಮುನ್ಸೂಚನೆ ಕೊಡುವುದಿಲ್ಲ. ನೆಲದಡಿಯ ನೀರು ಆವಿಯಾಗಿ ಸಿಡಿಯುವ ಬಗೆ ತೀರಾ ಮೋಸದ್ದು. ಜಪಾನಿನ ಒಂಟಾಕೆ 2014ರ ಸೆಪ್ಟೆಂಬರ್ 27ರಂದು ಸಿಡಿದಾಗ ಎಚ್ಚರಿಕೆ ಅತಿ ಕೆಳಗಿನ ಮಟ್ಟದಲ್ಲೇ ಇತ್ತು. ಸತ್ತವರು, ಕಾಣೆಯಾದವರು ಸೇರಿ 63 ಜನ.

ಹಂತ 3: ಓರೆ ಮತ್ತು ಅನಿಲ

ನೆಲ ಎಷ್ಟು ವಾಲಿತೆಂದು ಟಿಲ್ಟ್‌ಮೀಟರ್ ಮೈಕ್ರೋರೇಡಿಯನ್‌ನಲ್ಲಿ ಅಳೆಯುತ್ತದೆ. ಒಂದು ಮೈಕ್ರೋರೇಡಿಯನ್ ಅಂದರೆ ಒಂದು ಕಿ.ಮೀ. ಉದ್ದದ ಹಲಗೆಯ ತುದಿ ಒಂದು ಮಿ.ಮೀ. ಎದ್ದಷ್ಟು ಓರೆ. ಜೋರು ಮಳೆಗೆ ನೆಲ ನೆನೆದರೂ ಅದು ವಾಲುತ್ತದೆ, ಆದ್ದರಿಂದ ಮಳೆಯ ಅಂಕಿ ಪಕ್ಕದಲ್ಲಿಲ್ಲದೆ ಓದಬೇಡಿ. ಅನಿಲ ಕಡಿಮೆಯಾಯಿತೆಂದು ನಿಟ್ಟುಸಿರು ಬಿಡುವುದೂ ಬೇಡ. ಪಿನಾಟುಬೊದಲ್ಲಿ ಗಂಧಕದ ಡೈಆಕ್ಸೈಡ್ ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದದ್ದು, ಮೇ 28ಕ್ಕೆ 5,000 ಟನ್ ದಾಟಿ, ಎರಡೇ ದಿನದಲ್ಲಿ ಜರ್ರನೆ ಇಳಿಯಿತು. ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿರುವ ಲಕ್ಷಣವೆಂದು ವಿಜ್ಞಾನಿಗಳು ಅದನ್ನು ಓದಿದರು.

ಹಂತ 4: ಮಳೆ ಮತ್ತು ಕಣಿವೆ

ಬೂದಿ ಕೂತ ಇಳಿಜಾರಿಗೆ ಮಳೆ ಬಿದ್ದರೆ ಕಲ್ಲು-ಕೆಸರಿನ ಪ್ರವಾಹ, ಅಂದರೆ ಲಹಾರ್, ಇಳಿಯುತ್ತದೆ. ಸ್ಫೋಟ ಮುಗಿದ ವರ್ಷಗಳ ಮೇಲೂ ಇದು ತಪ್ಪದು.

ಮಗುಚುವ ಬಟ್ಟಲಿನ ಮಳೆಮಾಪಕ 0.2 ಮಿ.ಮೀ. ಮಳೆಗೆ ಒಮ್ಮೆ ಮಗುಚುತ್ತದೆ. ಬಾಯಿ 20 ಸೆಂ.ಮೀ. ಅಗಲವಿದ್ದರೆ, 628 ಮಿ.ಲೀ. ನೀರನ್ನು ಸಣ್ಣ ತೂತಿನ ಡಬ್ಬಿಯಿಂದ ಹನಿಹನಿಯಾಗಿ ಬಿಡಿ; 100 ಸಲ ಮಗುಚಬೇಕು. ತುಂಬ ಕಡಿಮೆ ಬಂದರೆ ಆಲಿಕೆಯ ಜಾಲರಿ ಬಿಚ್ಚಿ ನೋಡಿ: ಒದ್ದೆ ಬೂದಿ ಸಿಮೆಂಟಿನಂತೆ ಗಟ್ಟಿಕಟ್ಟಿರುತ್ತದೆ. ಧಾರಾಕಾರ ಮಳೆಯಲ್ಲಿ ಮಾಪಕ ಸೊನ್ನೆ ತೋರಿಸುವುದಕ್ಕಿಂತ ಅಪಾಯದ ಅಂಕಿ ಇನ್ನೊಂದಿಲ್ಲ. ಆದ್ದರಿಂದ ಜೋಡಿಯಾಗಿ ನೆಡಿ. ಒಂದು ಸೊನ್ನೆ, ಇನ್ನೊಂದು 15 ಮಿ.ಮೀ. ಎಂದರೆ ಸರಾಸರಿ ತೆಗೆಯಬೇಡಿ, ದೊಡ್ಡದನ್ನೇ ನಂಬಿ.

ಎಷ್ಟು ಮಳೆಗೆ ಎಚ್ಚರಿಕೆ ಕೊಡಬೇಕು? ಬೇರೆ ಬೆಟ್ಟದ ಅಂಕಿ ಎರವಲು ತರಬೇಡಿ. ಹೊಸ ಬೂದಿಯ ನುಣುಪು ಪದರ ನೀರನ್ನು ಇಂಗಗೊಡದು, ಹಾಗಾಗಿ ಮೊದಮೊದಲು ಸ್ವಲ್ಪ ಮಳೆಗೇ ಕೆಸರು ಹೊರಡುತ್ತದೆ. ಪ್ರತಿ ಮಳೆಗೂ ಹತ್ತು ನಿಮಿಷದ ಮೊತ್ತ, ಲಹಾರ್ ಬಂತೋ ಇಲ್ಲವೋ ಎರಡನ್ನೂ ಬರೆದಿಡಿ. ಬೂದಿ ತೊಳೆದುಹೋಗಿ ಹಸಿರು ಮರಳಿದಂತೆ ಮಿತಿಯನ್ನು ಏರಿಸಿ.

ಕಣಿವೆಯ ದಂಡೆಯಲ್ಲಿ, ಪ್ರವಾಹ ಮುಟ್ಟದ ಎತ್ತರದಲ್ಲಿ, ಎರಡು ನೆಲಕಂಪನ ಸಂವೇದಕ ಹೂಳಿ. ನಡುವೆ 4 ಕಿ.ಮೀ. ಇದ್ದು, ಲಹಾರ್‌ನ ಸದ್ದು ಮೇಲಿನದರಿಂದ ಕೆಳಗಿನದಕ್ಕೆ 10 ನಿಮಿಷದಲ್ಲಿ ಬಂದರೆ ವೇಗ ಗಂಟೆಗೆ 24 ಕಿ.ಮೀ. ಇನ್ನೂ 12 ಕಿ.ಮೀ. ಕೆಳಗಿನ ಊರಿಗೆ ಉಳಿದದ್ದು ಸುಮಾರು ಅರ್ಧ ಗಂಟೆ. ಭೂಕಂಪ ಎರಡರಲ್ಲೂ ಹೆಚ್ಚುಕಡಿಮೆ ಒಟ್ಟಿಗೇ ಕಾಣುತ್ತದೆ, ಲಾರಿ ಕ್ಷಣದಲ್ಲಿ ದಾಟಿಹೋಗುತ್ತದೆ. ಲಹಾರ್ ನಿಮಿಷಗಟ್ಟಲೆ ಗುಡುಗುತ್ತಲೇ ಇರುತ್ತದೆ.

ಹಂತ 5: ಮಾತು ಊರಿಗೆ ಮುಟ್ಟಲಿ

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್ 1985ರ ನವೆಂಬರ್ 13ರಂದು ಸಿಡಿದು ಹಿಮ ಕರಗಿಸಿತು. ಕೆಸರು ಆರ್ಮೆರೊ ಪಟ್ಟಣ ಮುಟ್ಟಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಪಾಯದ ನಕ್ಷೆ ಮೊದಲೇ ತಯಾರಿತ್ತು. ಆದರೂ ಸುಮಾರು 23,000 ಜನ ಸತ್ತರು. ಯಾವ ಅಂಕಿಗೆ ಯಾರು ಸೈರನ್ ಒತ್ತಬೇಕು, ಅವರಿಲ್ಲದಿದ್ದರೆ ಯಾರು ಎಂಬುದನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿ. ಒತ್ತಲು ಇನ್ನೊಬ್ಬರ ಅಪ್ಪಣೆ ಬೇಕಾಗಬಾರದು.

ಸಂದೇಶ ಚಿಕ್ಕದಿರಲಿ: ಕಣಿವೆ ಬಿಟ್ಟು ಪಕ್ಕದ ದಿಣ್ಣೆ ಹತ್ತಿ, ಸೇತುವೆ ದಾಟಬೇಡಿ. ಬೂದಿ ಬಿದ್ದು ಮಳೆಯ ಮುನ್ಸೂಚನೆಯೂ ಇದ್ದರೆ, ಗಟ್ಟಿಯಿಲ್ಲದ ಛಾವಣಿಯ ಮನೆಯವರನ್ನು ಮಳೆಗೆ ಮುಂಚೆಯೇ ಬೇರೆಡೆಗೆ ಕಳಿಸಿ; 10 ಸೆಂ.ಮೀ. ಒಣ ಬೂದಿಯೇ ಚದರ ಮೀಟರಿಗೆ 50ರಿಂದ 100 ಕಿಲೊ ತೂಗುತ್ತದೆ, ನೆನೆದರೆ ಇಮ್ಮಡಿಯಾದೀತು.

ಸೈರನ್ನನ್ನು ತಿಂಗಳಿಗೊಮ್ಮೆ ಮುಖ್ಯ ವಿದ್ಯುತ್ ತೆಗೆದು, ಬರೀ ಬ್ಯಾಟರಿಯಲ್ಲಿ ಊದಿಸಿ. ಜೋರು ಮಳೆ ಬರುತ್ತಿರುವಾಗಲೂ ಒಮ್ಮೆ ಊದಿಸಿ, ಊರಿನ ಕಟ್ಟಕಡೆಯ ಮನೆಯೊಳಗೆ ನಿಂತು ಕೇಳಿಸಿತೇ ನೋಡಿ.