ಅಗ್ಗದ ಡಿವಿಡಿ ಪ್ಲೇಯರ್ ತರುವ ಮುಂಚೆ ಟಿವಿಯ ಬೆನ್ನು ನೋಡಿ

ಟಿವಿ ತಿರುಗಿಸಿ, ಹಿಂದೆ ಯಾವ ತೂತುಗಳಿವೆ ನೋಡಿ. ಹಳದಿ, ಕೆಂಪು, ಬಿಳಿ ಮೂರೂ ಇದ್ದರೆ ಸಾದಾ ಪ್ಲೇಯರ್ ಸಾಕು. ಬರೀ ಎಚ್‌ಡಿಎಂಐ ಇದ್ದರೆ ಪ್ಲೇಯರಿನಲ್ಲೂ ಅದಿರಲೇಬೇಕು. ಡಬ್ಬದ ಮೇಲಿನ ‘ಫುಲ್ ಎಚ್‌ಡಿ’ಗೆ ಮರುಳಾಗಿ ಹೆಚ್ಚು ದುಡ್ಡು ಕೊಡಬೇಡಿ. ನಮ್ಮ ಪಾಲ್ (ಭಾರತದಲ್ಲಿ ಬಳಸುವ ಟಿವಿ ಚಿತ್ರದ ಪದ್ಧತಿ) ಡಿಸ್ಕಿನಲ್ಲಿರುವುದು ಹೆಚ್ಚೆಂದರೆ 720×576 ಚುಕ್ಕಿ. ಪ್ಲೇಯರ್ ಅದನ್ನು ಹಿಗ್ಗಿಸುತ್ತದೆ ಅಷ್ಟೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಇರುವುದು ಯಕ್ಷಗಾನದ ಡಿಸ್ಕು, ಇಲ್ಲವೇ ಮದುವೆಯದು. ಮದುವೆಯವು ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್. ಕಂಪನಿ ಡಿಸ್ಕನ್ನು ಸಲೀಸಾಗಿ ಓದುವ ಪ್ಲೇಯರ್ ಇವಕ್ಕೆ ತಡವರಿಸಬಹುದು. ಹಾಗಾಗಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೊರಟರೆ ಚೀಲದಲ್ಲಿ ಗೀರು ಬಿದ್ದ ಮದುವೆ ಡಿಸ್ಕೇ ಇರಲಿ. ಅಂಗಡಿಯಲ್ಲೇ ಹಾಕಿಸಿ, ಕೊನೆಯ ಭಾಗಕ್ಕೆ ಹಾರಿಸಿ ನೋಡಿ. ತೊಡಕು ಹೆಚ್ಚಾಗಿ ಹೊರ ಅಂಚಿನಲ್ಲೇ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ ಮಾರಾಯ್ರೆ, ದುಡ್ಡು ನಿಮ್ಮದು.

ಅಮೆರಿಕದಿಂದ ಮಗಳು ಡಿಸ್ಕು ತರುತ್ತಾಳಾದರೆ ರೀಜನ್, ಅಂದರೆ ಡಿಸ್ಕು ಯಾವ ದೇಶಗಳ ಪ್ಲೇಯರಿಗೆ ಎಂಬ ಸಂಖ್ಯೆ, ಕೇಳಿ: ನಮ್ಮದು 5, ಅವರದು 1. 5ಕ್ಕೆ ಮಾತ್ರ ಹೊಂದಿಸಿದ ಪ್ಲೇಯರ್ 1ರ ಡಿಸ್ಕನ್ನು ಓಡಿಸದು.

ಯುಎಸ್‌ಬಿ ಇದ್ದರೆ ಒಳ್ಳೆಯದು. ಪೆನ್‌ಡ್ರೈವನ್ನು ಇಂಥ ಪ್ಲೇಯರುಗಳು ಸಾಮಾನ್ಯವಾಗಿ ಓದುವ ಫ್ಯಾಟ್32 ಎಂಬ ಬಗೆಗೆ ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ.

ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯದ ವಸ್ತುವಿಲ್ಲ. ಪ್ಲೇಯರನ್ನು ಗೋಡೆಗೆ ತಾಗಿಸದೆ ಇಡಿ, ಆಗಾಗ ಓಡಿಸಿ. ಗುಡುಗು ಶುರುವಾದರೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ, ಟಿವಿಯದ್ದೂ ಸೇರಿ.