‘ಪ್ರತಿ’ ಅಂದರೆ ನಾನು

ಸಮನ್ಸಿನ ಜೊತೆ ಬಂದ ಕಾಗದದ ಕಟ್ಟಿನ ಮೇಲೆ ಮಲಯಾಳದಲ್ಲಿ ‘ಅನ್ಯಾಯಂ’ ಎಂದಿತ್ತು. ದಾವಾಪತ್ರಕ್ಕೆ ಅವರ ಭಾಷೆಯಲ್ಲಿ ಅದೇ ಹೆಸರು. ಕನ್ನಡ ಶಾಲೆಯಲ್ಲಿ ಕಲಿತ ನನಗೆ ಮಾತ್ರ, ಆಚೆಮನೆಯವರು ಮಾಡಿದ್ದಕ್ಕೆ ಸರಿಯಾದ ಹೆಸರನ್ನೇ ಇಟ್ಟಿದ್ದಾರೆ ಅನ್ನಿಸಿತು. ಒಳಗೆ ನಾನು ‘ಪ್ರತಿ’, ಅಂದರೆ ಪ್ರತಿವಾದಿ. ಹೆಂಡತಿ ನೋಡಿ, “ಹಾಗಾದರೆ ಮೂಲ ಯಾರು?” ಎಂದಳು.

ವಿಷಯ ದಾರಿ ತಕರಾರು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಹೋಗುವ ಕಾಲುದಾರಿ ಆಚೆಮನೆಯವರ ಜಾಗದ ತೆಂಕು ಅಂಚಿನಲ್ಲಿದೆ. ಅಲ್ಲಿ ನಾನು ಕಾಲಿಡಬಾರದೆಂದು ಮುನ್ಸಿಫ್ ಕೋರ್ಟಿನಲ್ಲಿ ದಾವೆ. ನನ್ನ ಕೈಯಲ್ಲಿದ್ದದ್ದು 1951ರ ಪಾಲುಪಟ್ಟಿ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡದಲ್ಲಿದ್ದ ಕಾಲದ್ದು, ಕೈಬರಹದ ಕನ್ನಡ. ನಾನು ಕಂಡ ವಕೀಲರು ಅದನ್ನು ಎರಡು ಸಲ ಮಗುಚಿ ನೋಡಿ ಬದಿಗಿಟ್ಟರು. ಮನೆಗೆ ಬಂದು, ನಾನೇ ನಿಲ್ಲುತ್ತೇನೆ ಅಂದೆ. ಧೈರ್ಯ ಕಾಲು ಭಾಗ, ಉಳಿದದ್ದು ಹಠ. ಕಕ್ಷಿದಾರ ತಾನೇ ಹಾಜರಾಗಬಹುದೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ.

ಉತ್ತರ ಪತ್ರಿಕೆಗೆ 30 ದಿನ. ಕೋರ್ಟು ಒಪ್ಪಿದರೆ 90ರವರೆಗೆ. ನಾನು ಬರೆದದ್ದು ಏಳು ಪುಟದ ಕಥೆ. ಅವರ ಮಗಳ ಮದುವೆಗೆ ನಮ್ಮ ಮನೆಯಿಂದ ಪಾತ್ರೆ ಹೋದದ್ದೂ ಅದರಲ್ಲಿತ್ತು. ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಸಂಬಂಧಿಕರೊಬ್ಬರು, ಮಾವ ಎನ್ನುತ್ತೇನೆ, ಆರು ಪುಟ ಹೊಡೆದು ಹಾಕಿದರು. “ಅವರ ಒಂದೊಂದು ಪ್ಯಾರಾಕ್ಕೂ ಉತ್ತರ ಕೊಡು. ನೀನು ಅಲ್ಲಗಳೆಯದೆ ಬಿಟ್ಟದ್ದನ್ನು ಒಪ್ಪಿದ್ದೀ ಅಂತಲೇ ಲೆಕ್ಕ.”

ಉಳಿದ ಪುಟದಲ್ಲೂ ಅವರ ಪೆನ್ನು ಒಂದು ಕಡೆ ನಿಂತಿತು: ‘ಅವರ ಅಜ್ಜನ ಉಪಕಾರದಿಂದ ನಡೆಯುತ್ತಾ ಬಂದಿದ್ದೇವೆ.’ ನಾನು ಬರೆದದ್ದು ಮರ್ಯಾದೆಗೆ. 1882ರ ಅನುಭೋಗ ಹಕ್ಕಿನ ಕಾಯಿದೆಯಲ್ಲಿ ಬಳಕೆಯಿಂದ ದಾರಿಯ ಹಕ್ಕು ಬರಬೇಕಾದರೆ 20 ವರ್ಷ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕಿನಿಂದಲೇ ನಡೆದಿರಬೇಕು. ಉಪಕಾರ ಅಂದರೆ ಅನುಮತಿ. ಅನುಮತಿ ಅಂದರೆ ಹಕ್ಕಿಲ್ಲ. ನಮ್ಮ ಕಡೆ ಎಲ್ಲವನ್ನೂ ‘ನಿಮ್ಮ ದಯೆ’ ಎನ್ನುವ ರೂಢಿ ಇದೆಯಲ್ಲ, ಕೋರ್ಟಿನ ಮೆಟ್ಟಿಲು ಹತ್ತುವಾಗ ಅದನ್ನು ಹೊರಗೆ ಬಿಡುವುದೇ ನನಗೆ ಅತಿ ಕಷ್ಟವಾದದ್ದು.

ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಗೆ ಬೇರೆಯೇ ಆಕ್ಷೇಪ ಹಾಕಬೇಕು. ಅದು ನನಗೆ ಗೊತ್ತಾದದ್ದು ಹಿಂದಿನ ದಿನ ಸಂಜೆ. ಹೇಗೋ ಹಾಕಿದೆ.

ದೊಡ್ಡ ತಪ್ಪು ಅನುವಾದದಲ್ಲಿ ಆಯಿತು. ಪಾಲುಪಟ್ಟಿಯಲ್ಲಿ ‘ತೆಂಕು ಬೇಲಿಯ ತಡಮೆಯಿಂದಾಗಿ ಹೋಗಿ ಬರತಕ್ಕದ್ದು’ ಎಂದಿದೆ. ದನ ನುಗ್ಗದ ಹಾಗೆ ಬೇಲಿಯಲ್ಲಿ ಮನುಷ್ಯರು ದಾಟಲು ಬಿಟ್ಟ ಕಂಡಿಯೇ ತಡಮೆ. ಇಲ್ಲಿನ ಮಕ್ಕಳಿಗೂ ಗೊತ್ತು. ದುಡ್ಡು ಕೊಟ್ಟು ಮಾಡಿಸಿದ ಮಲಯಾಳ ಅನುವಾದದಲ್ಲಿ ಅದು ‘ತಡಸ್ಸಂ’ ಆಗಿತ್ತು, ಅಂದರೆ ಅಡ್ಡಿ. ನಾನು ಓದದೆ ಹಾಕಿದ್ದೆ. ವಾದಿಯ ವಕೀಲರು ಎದ್ದು, “ಅಲ್ಲಿ ಅಡ್ಡಿ ಇತ್ತೆಂದು ಇವರ ದಾಖಲೆಯೇ ಹೇಳುತ್ತದೆ” ಎಂದಾಗಲೇ ನನಗೆ ಬೆವರಿದ್ದು. ತಿದ್ದಿದ ಅನುವಾದಕ್ಕೆ ಅರ್ಜಿ ಕೊಟ್ಟೆ. ಮೂಲಪತ್ರಕ್ಕೆ 30 ವರ್ಷ ದಾಟಿತ್ತು, ಇರಬೇಕಾದ ಕೈಯಲ್ಲೇ ಇತ್ತು, ಹಾಗಾಗಿ ಅದರ ಸಾಚಾತನದ ಬಗ್ಗೆ ಜಗಳ ಏಳಲಿಲ್ಲ. ಪದದ ಜಗಳ ಮಾತ್ರ ಉಳಿಯಿತು.

ಆಚೆಮನೆಯವರನ್ನು ಪಾಟೀಸವಾಲು ಮಾಡಲು 32 ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಮೊದಲನೆಯದೇ “ಅಣ್ಣಾ, ನೀವು...” ಎಂದು ಶುರುವಾಗಿ ಕೋರ್ಟು ನಕ್ಕಿತು. ಎರಡನೆಯದರಲ್ಲಿ “ಯಾಕೆ?” ಎಂದು ಕೇಳಿ ಕೆಟ್ಟೆ, ಅವರಿಗೆ ಐದು ನಿಮಿಷ ಭಾಷಣಕ್ಕೆ ದಾರಿಯಾಯಿತು. ಆಮೇಲೆ ಚೀಟಿ ಮಡಚಿ ಕಿಸೆಗೆ ಹಾಕಿದೆ.

“ನಿಮ್ಮ ಮನೆಯ ಬಡಗು ಬೇಲಿಯಲ್ಲಿ ಜನ ದಾಟುವ ಕಂಡಿ ಇದೆಯಲ್ಲ, ಅದಕ್ಕೆ ಮನೆಯಲ್ಲಿ ಏನು ಹೇಳುತ್ತೀರಿ?”

“ತಡಮೆ,” ಎಂದರು. ಅವರ ವಕೀಲರು ತಲೆಯೆತ್ತಿ ನೋಡಿದರು. ನಾನು ಕೂತೆ. ಇನ್ನೊಂದು ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ.

ನನ್ನ ಸರದಿ ಬಂದಾಗ ಅವರ ವಕೀಲರ ದನಿ ಬೆಣ್ಣೆ: “ನೆರೆಕರೆ ಚೆನ್ನಾಗಿತ್ತು, ಕೇಳಿದರೆ ಬೇಡವೆನ್ನುತ್ತಿರಲಿಲ್ಲ ಅಲ್ಲವೇ?” ಮಾವನ ಪೆನ್ನು ನೆನಪಾಯಿತು. “ಕೇಳಿದ್ದೇ ಇಲ್ಲ” ಎಂದೆ. ಸ್ಥಳ ನೋಡಿ ಬರಲು ಕೋರ್ಟು ಕಳಿಸಿದ ಕಮಿಷನರ್ ವರದಿಯಲ್ಲಿ ಹಾವಸೆ ಹಿಡಿದ ಮುರಕಲ್ಲಿನ ಎರಡು ಮೆಟ್ಟಿಲು ದಾಖಲಾಗಿದ್ದದ್ದೂ ಕೈಹಿಡಿಯಿತು.

ತೀರ್ಪಿಗೆ ಮಲಯಾಳದಲ್ಲಿ ‘ವಿಧಿ’ ಎನ್ನುತ್ತಾರೆ. ವಿಧಿ ನನ್ನ ಕಡೆಗಿತ್ತು, ದಾವೆ ವಜಾ ಆಯಿತು. ಅವರು ಮೇಲ್ಮನವಿ ಹಾಕಿದ್ದಾರೆ. ಅಲ್ಲಿ ಕಾನೂನಿನ ಮಾತೇ ಜಾಸ್ತಿ, ತಡಮೆಯ ಅರ್ಥ ಗೊತ್ತಿದ್ದರೆ ಸಾಲದು. ಮಂಜೇಶ್ವರ ಕಡೆಯ, ಕನ್ನಡ ಓದುವ ವಕೀಲರೊಬ್ಬರು ಸಿಕ್ಕಿದರು. ವಕಾಲತ್ತಿಗೆ ಸಹಿ ಹಾಕಿ ಪಾಲುಪಟ್ಟಿ ಮುಂದಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದರು.