ಎಡಪುಟ ರಿವೇರಾ, ಬಲಪುಟ ಹಿನೊಹೋಸಾ

ಟೆಕ್ಸಾಸ್‌ನ ಇಬ್ಬರು ಚಿಕಾನೊ ಲೇಖಕರ, ಅಂದರೆ ಮೆಕ್ಸಿಕೊ ಮೂಲದ ಅಮೆರಿಕನ್ನರ, ಗೆಳೆತನದ ಬಗ್ಗೆ ನೆನಪಿನ ಬರಹ ಬರೆದುಕೊಡಿ ಎಂದು ಪರಿಚಿತ ಸಂಪಾದಕರು ಕೇಳಿದಾಗ ನನಗಿದ್ದ ಅಳುಕು ಸಾಮಗ್ರಿಯದ್ದಲ್ಲ, ಧಾಟಿಯದ್ದು. ನಮ್ಮ ಸ್ಮರಣ ಸಂಚಿಕೆಗಳನ್ನು ತಿರುವಿ ಹಾಕಿ ನೋಡಿ: ತೀರಿಕೊಂಡವರೆಲ್ಲ ಅಜಾತಶತ್ರುಗಳು, ಬರೆದವರೆಲ್ಲ ಪರಮಾಪ್ತರು. ಆ ಧಾಟಿ ನನಗೆ ಬೇಡವಾಗಿತ್ತು.

ಹಾಗಾಗಿ ಭಾವಕ್ಕೆ ಮೊದಲು ಲೆಕ್ಕ ಹಿಡಿದೆ. ನೋಟ್‌ಬುಕ್ಕಿನ ಎಡಪುಟ ತೊಮಾಸ್ ರಿವೇರಾ ಅವರಿಗೆ, ಬಲಪುಟ ರೊಲಾಂಡೊ ಹಿನೊಹೋಸಾ ಅವರಿಗೆ; ವರ್ಷದ ಎದುರಿಗೆ ವರ್ಷ. ಹಿನೊಹೋಸಾ 1929ರಲ್ಲಿ ಮೆಕ್ಸಿಕೊ ಗಡಿಯ ಹತ್ತಿರದ ಮರ್ಸೇಡಿಸ್‌ನಲ್ಲಿ ಹುಟ್ಟಿದವರು. ತಾಯಿ ಶಿಕ್ಷಕಿ. ರಿವೇರಾ ಆರು ವರ್ಷ ಚಿಕ್ಕವರು, ಕ್ರಿಸ್ಟಲ್ ಸಿಟಿಯವರು. ಅವರ ಮನೆಮಂದಿಯೆಲ್ಲ ಕೊಯ್ಲಿನ ಬೆನ್ನು ಹತ್ತಿ ಅಯೋವಾ, ಮಿನೆಸೋಟಾ ಕಡೆಯ ಹೊಲಗಳಿಗೆ ಗುಳೆ ಹೋಗುತ್ತಿದ್ದರು. (ರಾಯಚೂರು, ಕೊಪ್ಪಳದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಇಷ್ಟು ಬೇರೆ ದಾರಿಯಲ್ಲಿ ಬಂದ ಇಬ್ಬರೂ 1969ರಲ್ಲೇ ಪಿಎಚ್‌.ಡಿ. ಪಡೆದರು, ಒಬ್ಬರು ಒಕ್ಲಹೋಮಾದಲ್ಲಿ, ಇನ್ನೊಬ್ಬರು ಇಲಿನಾಯ್‌ನಲ್ಲಿ. ಪುಟಗಳು ಎದುರುಬದುರಾದ ಮೇಲಷ್ಟೇ ಇದು ನನ್ನ ಕಣ್ಣಿಗೆ ಬಿದ್ದದ್ದು.

ಬರ್ಕ್ಲಿಯ ಕ್ವಿಂತೊ ಸೋಲ್ ಪ್ರಕಾಶನ ಚಿಕಾನೊ ಬರಹಕ್ಕೆ ಕೊಡುತ್ತಿದ್ದ ಬಹುಮಾನ ಮೊದಲ ಸಲ, 1970ರಲ್ಲಿ, ರಿವೇರಾ ಅವರಿಗೆ ಅವರ ಕಾದಂಬರಿಗಾಗಿ ಬಂತು. 1972ರದ್ದು ಹಿನೊಹೋಸಾ ಅವರಿಗೆ. ಇಬ್ಬರೂ ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಶಾಲೆಯಲ್ಲಿ ಸ್ಪ್ಯಾನಿಷ್ ಆಡಿದರೆ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಟೆಕ್ಸಾಸ್ ಅದು. ರಿವೇರಾ ಅವರ ಕೃತಿ ಓದಿದ ಮೇಲೆ ಹಿನೊಹೋಸಾ ಅವರಿಗೂ ಆ ಭಾಷೆಯಲ್ಲೇ ಬರೆಯುವ ಹುಮ್ಮಸ್ಸು ಹುಟ್ಟಿತು. ನನ್ನ ಬರಹ ಆರಂಭವಾಗುವುದು ಇಲ್ಲಿಂದ, ಅವರ ಮೊದಲ ಭೇಟಿಯಿಂದಲ್ಲ. ಆ ಭೇಟಿಗೆ ಒಂದಿಷ್ಟು ಕಾಫಿ, ಒಂದಿಷ್ಟು ನಗು ಸೇರಿಸಿ ದೃಶ್ಯ ಕಟ್ಟುವುದು ಸುಲಭವಿತ್ತು. ಆದರೆ ನಾನು ಅಲ್ಲಿರಲಿಲ್ಲವಲ್ಲ!

ಎಡಪುಟ 1984ರ ಮೇ ತಿಂಗಳಲ್ಲಿ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಆವರಣಕ್ಕೆ 1979ರಿಂದ ಚಾನ್ಸಲರ್, ಅಂದರೆ ಮುಖ್ಯಸ್ಥ, ಆಗಿದ್ದ ರಿವೇರಾ ಹೃದಯಾಘಾತದಿಂದ ತೀರಿಕೊಂಡರು; ವಯಸ್ಸು 48. ಅಲ್ಲಿನ ಗ್ರಂಥಾಲಯಕ್ಕೆ ಈಗ ಅವರದೇ ಹೆಸರಿದೆ, ಅವರ ಕಾಗದಪತ್ರಗಳೂ ಅಲ್ಲೇ ಇವೆ. ಬಲಪುಟ ಮಾತ್ರ 2022ರವರೆಗೆ ಹೋಗುತ್ತದೆ. 1984ಕ್ಕೇ ಮುಗಿಸಿಬಿಡಿ ಎಂದರು ಸಂಪಾದಕರು. ನಾನು ಒಪ್ಪಲಿಲ್ಲ. ಎಡಪುಟ ಖಾಲಿಯಾದ ಮೇಲೆ ಬಲಪುಟದಲ್ಲಿ ನಡೆದದ್ದೇ ನನಗೆ ಮುಖ್ಯವಾಗಿತ್ತು. ಹಿನೊಹೋಸಾ ಗೆಳೆಯನ ಕಾದಂಬರಿಯನ್ನು 1987ರಲ್ಲಿ ತಮ್ಮದೇ ರೀತಿಯಲ್ಲಿ ಇಂಗ್ಲಿಷಿಗೆ ತಂದರು. ಮರುವರ್ಷ ಗೆಳೆಯನ ಬದುಕು, ಬರಹ ಕುರಿತ ಸಂಪುಟದ ಸಂಪಾದಕರಲ್ಲಿ ಒಬ್ಬರಾದರು. ಹೊಗಳಿಕೆಯ ಹತ್ತು ಪುಟಗಳಿಗಿಂತ, ಇಲ್ಲದವನ ವಾಕ್ಯಗಳನ್ನು ಒಂದೊಂದಾಗಿ ಎತ್ತಿ ಇನ್ನೊಂದು ಭಾಷೆಯಲ್ಲಿ ಕೂರಿಸುವ ಈ ದುಡಿಮೆಯಲ್ಲಿ ನನಗೆ ಹೆಚ್ಚು ಸ್ನೇಹ ಕಂಡಿತು. ನನ್ನ ಬರಹದ ಅರ್ಧ ಭಾಗವನ್ನು ಇದಕ್ಕೇ ಕೊಟ್ಟೆ.

ಇದರಲ್ಲೊಂದು ತೊಡಕೂ ಇದೆ. ಬದುಕುಳಿದವರ ನೆನಪೇ ಇಬ್ಬರ ಕಥೆಯಾಗಿಬಿಡುತ್ತದೆ. ಹೋದವರು ಬಂದು ತಿದ್ದುವುದಿಲ್ಲ. ಹಾಗಾಗಿ ಹಿನೊಹೋಸಾ ಹೇಳಿದ್ದನ್ನು ಅವರ ಮಾತೆಂದೇ ಬರೆದೆ, ನನ್ನ ನಿರೂಪಣೆಯೊಳಗೆ ಕರಗಿಸಲಿಲ್ಲ. ರಿವೇರಾ ಆಗ ಏನು ಅಂದುಕೊಂಡಿದ್ದಿರಬಹುದು ಎಂಬ ಜಾತಿಯ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ. ಬರಹ ಸಾಕಷ್ಟು ತೆಳ್ಳಗಾಯಿತು. ಉಳಿದ ಜಾಗಕ್ಕೆ ಸಂಪಾದಕರು ಇಬ್ಬರ ಭಾವಚಿತ್ರಗಳನ್ನು ಹಾಕಿಕೊಂಡರು.